ಕಿರಿದಾದ ಸೀಮೆ, ಹಿರಿದಾದ ಊರು: ಮೈಸೂರು ಜಿಲ್ಲೆಯ ಗಡಿಗಳು ಬದಲಾದ ಬಗೆ

ಬೃಂದಾವನ ನೋಡಲು ಬಂದ ಪ್ರವಾಸಿ ತಾನು ಮೈಸೂರು ನೋಡಿದೆನೆಂದೇ ಹೇಳಿಕೊಳ್ಳುತ್ತಾನೆ. ಆದರೆ ಬೃಂದಾವನವಾಗಲಿ, ರಂಗನತಿಟ್ಟಾಗಲಿ, ಶ್ರೀರಂಗಪಟ್ಟಣದ ಕೋಟೆಯಾಗಲಿ ಕಂದಾಯದ ಲೆಕ್ಕದಲ್ಲಿ ಮೈಸೂರಿಗೆ ಸೇರಿದವಲ್ಲ; ಅವೆಲ್ಲ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿವೆ. ಮೈಸೂರಿನ ಹೆಸರು ಹಬ್ಬಿದಷ್ಟು ದೂರಕ್ಕೆ ಮೈಸೂರಿನ ಗಡಿ ಇಂದು ಹೋಗುವುದಿಲ್ಲ. ಒಂದು ಕಾಲಕ್ಕೆ ಇಡೀ ಸಂಸ್ಥಾನಕ್ಕೆ ಹೆಸರು ಕೊಟ್ಟ ಊರಿನ ಜಿಲ್ಲೆ ನೂರು ವರ್ಷಗಳೊಳಗೆ ಎರಡು ಬಾರಿ ಒಡೆದಿದ್ದು, ಎರಡೂ ಸಲದ ಕಾರಣಗಳು ಬೇರೆ ಬೇರೆ.

1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂದಿತು. ಆದರೆ 1831ರಲ್ಲಿ ಆಡಳಿತವನ್ನು ಕೈಗೆತ್ತಿಕೊಂಡ ಬ್ರಿಟಿಷರು ಕಚೇರಿಗಳನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಿದರು. ಅರಸರ ಊರು ಒಂದು, ಆಳುವ ಕಚೇರಿಯ ಊರು ಇನ್ನೊಂದು ಎಂಬ ವ್ಯವಸ್ಥೆ ಹೀಗೆ ಶುರುವಾಯಿತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ಕಚೇರಿಗಳು ಬೆಂಗಳೂರನ್ನು ಬಿಟ್ಟು ಬರಲಿಲ್ಲ. ಇದನ್ನು ಮೈಸೂರಿಗೆ ಆದ ನಷ್ಟವೆಂದು ಹೇಳುವವರುಂಟು; 1916ರ ವಿಶ್ವವಿದ್ಯಾನಿಲಯ, ಅಗಲವಾದ ರಸ್ತೆಗಳು, ಉದ್ಯಾನಗಳು ಇವನ್ನೆಲ್ಲ ನೋಡಿದರೆ ಕಚೇರಿಗಳ ಗದ್ದಲ ತಪ್ಪಿದ್ದು ಒಳ್ಳೆಯದೇ ಆಯಿತೇನೋ ಎಂದೂ ಅನ್ನಿಸುತ್ತದೆ.

ಜಿಲ್ಲೆಗಳೆಂಬ ಇಂದಿನ ಚೌಕಟ್ಟು ಬಹುಮಟ್ಟಿಗೆ 1860ರ ದಶಕದ್ದು. ಆಗ ಸಂಸ್ಥಾನವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗಗಳಾಗಿ ಹಂಚಿ, ಅವುಗಳ ಅಡಿಯಲ್ಲಿ ಎಂಟು ಜಿಲ್ಲೆಗಳನ್ನು ಏರ್ಪಡಿಸಲಾಯಿತು. ಮೈಸೂರು ಮತ್ತು ಹಾಸನ ಜಿಲ್ಲೆಗಳು ಅಷ್ಟಗ್ರಾಮಕ್ಕೆ ಸೇರಿದವು. ಮುಂದೆ ವಿಭಾಗಗಳು ಹೋದವು, ಜಿಲ್ಲೆಗಳು ಉಳಿದವು. ಮದ್ದೂರು, ಮಳವಳ್ಳಿ, ಚಾಮರಾಜನಗರ, ಗುಂಡ್ಲುಪೇಟೆ ಎಲ್ಲವೂ ಆಗ ಮೈಸೂರಿನ ಜಿಲ್ಲಾ ಕಚೇರಿಯ ಕೈಕೆಳಗೇ ಇದ್ದವು.

ಈ ದೊಡ್ಡ ಜಿಲ್ಲೆಯನ್ನು ಮೊದಲು ಒಡೆದದ್ದು ನೀರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಿ, 1930ರ ದಶಕದ ಮೊದಲ ವರ್ಷಗಳಲ್ಲಿ ಇರ್ವಿನ್ ನಾಲೆ, ಅಂದರೆ ಇಂದು ಎಲ್ಲರೂ ವಿ.ಸಿ. ನಾಲೆ ಎಂದು ಕರೆಯುವ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಬಯಲಿಗೆ ಹರಿಯಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳಿಗೆ ಭತ್ತ, ಕಬ್ಬು ಬಂದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ, ಮೈಶುಗರ್ ಎಂಬ ಹೆಸರು ಊರಿನ ಹೆಸರಿನ ಜೊತೆಗೇ ಅಂಟಿಕೊಂಡಿತು. ಮಳೆ ನಂಬಿದ ಊರಿನ ಕಂದಾಯ ಬೇರೆ, ನಾಲೆ ನಂಬಿದ ಊರಿನ ಕಂದಾಯ ಬೇರೆ: ನೀರಿನ ತೆರಿಗೆ, ಸರದಿಯ ಜಗಳ, ತೂಬು ಎತ್ತುವ ದಿನ, ಕಾರ್ಖಾನೆಗೆ ಕಬ್ಬು ಸಾಗಿಸುವ ವ್ಯವಹಾರ ಇವುಗಳಿಗೆಲ್ಲ ಹತ್ತಿರದಲ್ಲೇ ಒಬ್ಬ ಅಧಿಕಾರಿ ಬೇಕಾಗುತ್ತಾನೆ. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, 1939ರ ಜುಲೈ 1ರಂದು, ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ ಇವು ಇಂದಿಗೂ ಅದರ ಏಳು ತಾಲ್ಲೂಕುಗಳು. ಜಿಲ್ಲಾ ಕೇಂದ್ರದ ಪಟ್ಟ ಹಳೆಯ ರಾಜಧಾನಿ ಶ್ರೀರಂಗಪಟ್ಟಣಕ್ಕೆ ಸಿಗದೆ, ರೈಲು ಹಳಿಯ ಪಕ್ಕದಲ್ಲಿ ಸಕ್ಕರೆ ಕಾರ್ಖಾನೆ ಎದ್ದುನಿಂತಿದ್ದ ಮಂಡ್ಯಕ್ಕೆ ಸಿಕ್ಕಿದ್ದರಲ್ಲಿ ಆಶ್ಚರ್ಯವೇನಿಲ್ಲ.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಜಿಲ್ಲೆಗಳು 19 ಆದವು. ಅದುವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ಜಿಲ್ಲೆಯನ್ನು ಸೇರಿತು. ಹೊಸ ರಾಜ್ಯದ ನಾಲ್ಕು ಕಂದಾಯ ವಿಭಾಗಗಳಲ್ಲಿ ಒಂದಕ್ಕೆ ಮೈಸೂರು ಕೇಂದ್ರವಾಯಿತು. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು, ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿ ಎಂಬ ಎಂಟು ಜಿಲ್ಲೆಗಳು ಈಗ ಈ ವಿಭಾಗದಲ್ಲಿವೆ. ಘಟ್ಟದ ಕೆಳಗಿನ ಮಂಗಳೂರಿನ ಕಡತವೊಂದು ಘಟ್ಟ ಹತ್ತಿ ಮೈಸೂರಿನ ಪ್ರಾದೇಶಿಕ ಆಯುಕ್ತರ ಕಚೇರಿಗೆ ಬರಬೇಕಾದದ್ದು ಈ ಏರ್ಪಾಡಿನಿಂದಲೇ. ಎಲ್ಲ ಇಲಾಖೆಗಳ ಗಡಿಗಳೂ ಹೀಗೆಯೇ ಇವೆ ಎಂದುಕೊಳ್ಳುವಂತಿಲ್ಲ. ಮೈಸೂರು ರೈಲ್ವೆ ವಿಭಾಗ ದಾವಣಗೆರೆಯವರೆಗೂ ಚಾಚಿಕೊಂಡಿದ್ದರೆ, ಪಕ್ಕದ ಮಂಡ್ಯದ ನಿಲ್ದಾಣ ಬೆಂಗಳೂರು ವಿಭಾಗಕ್ಕೆ ಸೇರಿದೆ.

ಎರಡನೆಯ ಒಡಕು ನೀರಿನಿಂದಲ್ಲ, ದೂರದಿಂದ ಆದದ್ದು. ಮಲೆ ಮಹದೇಶ್ವರ ಬೆಟ್ಟದ ಕಡೆಯ ಹಳ್ಳಿಯವನಿಗೆ ಒಂದು ಪಹಣಿಯ ತಕರಾರಿಗಾಗಿ ಮೈಸೂರಿಗೆ ಬಂದುಹೋಗುವುದೆಂದರೆ ದಿನಗೂಲಿ ಕೈಬಿಟ್ಟಂತೆ. ಜಿಲ್ಲೆ, ತಾಲ್ಲೂಕುಗಳ ಪುನರ್ವಿಂಗಡಣೆಯ ವಿಷಯವನ್ನು ವಾಸುದೇವರಾವ್, ಹುಂಡೇಕಾರ್, ಗದ್ದಿಗೌಡರ್ ಸಮಿತಿಗಳು ಒಂದರ ಹಿಂದೊಂದು ಪರಿಶೀಲಿಸಿದ್ದರೂ ಕಡತ ಬಹುಕಾಲ ಮಲಗಿತ್ತು. ಕೊನೆಗೆ ಜೆ.ಎಚ್. ಪಟೇಲರ ಸರ್ಕಾರ 1997ರಲ್ಲಿ ಒಮ್ಮೆಗೇ ಏಳು ಜಿಲ್ಲೆಗಳನ್ನು ಮಾಡಿತು. ಅವುಗಳಲ್ಲಿ ಚಾಮರಾಜನಗರವೂ ಒಂದು. ಆ ಊರಿಗೆ ಹೋದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆಂಬ ನಂಬಿಕೆ ಹಬ್ಬಿದ್ದ ಕಾಲದಲ್ಲಿ ಅದಕ್ಕೆ ಜಿಲ್ಲೆಯ ಪಟ್ಟ ಬಂದದ್ದು ಗಮನಿಸತಕ್ಕ ಸಂಗತಿ. ಆದರೂ ಸಂಬಂಧ ಪೂರ್ತಿ ಕಡಿದಿಲ್ಲ. ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕ್ ಇಂದಿಗೂ ಮೈಸೂರು ಮತ್ತು ಚಾಮರಾಜನಗರ ಎರಡರ ಹೆಸರನ್ನೂ ಹೊತ್ತಿದೆ.

ಇಷ್ಟೆಲ್ಲ ಕಳೆದುಕೊಂಡ ಮೇಲೂ 2011ರ ಜನಗಣತಿಯಲ್ಲಿ ಮೈಸೂರು ಜಿಲ್ಲೆಯ ಜನಸಂಖ್ಯೆ 30 ಲಕ್ಷ ಮುಟ್ಟಿತ್ತು. ಮಂಡ್ಯದಲ್ಲಿ 18 ಲಕ್ಷ, ಚಾಮರಾಜನಗರದಲ್ಲಿ ಸುಮಾರು 10 ಲಕ್ಷ ಜನರಿದ್ದರು. ಸೀಮೆ ಕುಗ್ಗಿದರೂ ನಗರ ಹಿಗ್ಗುತ್ತಲೇ ಇದೆ. ಅಂಚಿನ ಹೂಟಗಳ್ಳಿ ನಗರಸಭೆಯಾಯಿತು, ಬೋಗಾದಿ ಮತ್ತು ಶ್ರೀರಾಂಪುರ ಪಟ್ಟಣ ಪಂಚಾಯಿತಿಗಳಾದವು.

ಈಗ ಚರ್ಚೆ ಹುಣಸೂರಿನ ಕಡೆಗೆ ತಿರುಗಿದೆ. ಹುಣಸೂರನ್ನು ಕೇಂದ್ರ ಮಾಡಿ, ಆ ಭಾಗದವರೇ ಆದ ದೇವರಾಜ ಅರಸು ಅವರ ಹೆಸರಿನಲ್ಲಿ ಹೊಸ ಜಿಲ್ಲೆ ಮಾಡಬೇಕೆಂಬ ಬೇಡಿಕೆಯನ್ನು 2019ರಲ್ಲಿ ಮಾಜಿ ಸಚಿವ ಎ.ಎಚ್. ವಿಶ್ವನಾಥ್ ಮುಂದಿಟ್ಟರು. ಮೈಸೂರಿನಿಂದ ಹುಣಸೂರಿಗೆ ಇರುವುದು ಹೆಚ್ಚು ಕಡಿಮೆ ಮಂಡ್ಯಕ್ಕೆ ಇರುವಷ್ಟೇ ದೂರ, ಸುಮಾರು 45 ಕಿಲೋಮೀಟರ್. ಆದರೆ 1939ರ ಮಂಡ್ಯಕ್ಕೆ ನಾಲೆಯ ಕಂದಾಯವೂ ಕಾರ್ಖಾನೆಯೂ ಬೆನ್ನಿಗಿದ್ದವು. ಹುಣಸೂರಿನ ವಾದ ನಿಲ್ಲಬೇಕಾದದ್ದು ಕಾಡಂಚಿನ ಹೆಗ್ಗಡದೇವನಕೋಟೆ, ಸರಗೂರು ಜನರ ಓಡಾಟದ ಕಷ್ಟದ ಮೇಲೆ; ಅದರಲ್ಲೂ ಸರಗೂರಿನವರಿಗೆ ಹುಣಸೂರು ನಿಜಕ್ಕೂ ಮೈಸೂರಿಗಿಂತ ಅನುಕೂಲವೇ ಎಂಬುದನ್ನು ಬಸ್ಸಿನ ಮಾರ್ಗಗಳನ್ನು ಮುಂದಿಟ್ಟುಕೊಂಡೇ ತೀರ್ಮಾನಿಸಬೇಕಾಗುತ್ತದೆ.