ತಣ್ಣಗಾದ ಕಾಲು ಬೆಳಗಿನವರೆಗೆ ಕಾಯುವುದಿಲ್ಲ

ರಾತ್ರಿ ಎರಡು ಗಂಟೆಗೆ ಆ ತಾಯಿಯ ಬಲಗಾಲಿನಲ್ಲಿ ತಡೆಯಲಾರದ ನೋವು ಕಾಣಿಸಿಕೊಂಡಿತು, ಆಮೇಲೆ ಜೋಮು ಹಿಡಿಯಿತು. ನರ ಹಿಡಿದಿರಬೇಕೆಂದು ಮನೆಯವರು ಎಣ್ಣೆ ತಿಕ್ಕಿ, ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಟ್ಟರು. ಆರು ಗಂಟೆಗೆ ನಾನು ನೋಡಿದಾಗ ಪಾದ ಮೇಣದಂತೆ ಬಿಳಿಚಿಕೊಂಡಿತ್ತು. ಮಂಡಿಯಿಂದ ಕೆಳಗೆ ತಣ್ಣಗಿತ್ತು. ಅಂಗಾಲಿನಲ್ಲಿ ಶಾಖಕ್ಕೆ ಎದ್ದ ಬೊಬ್ಬೆ. ಅದು ಎದ್ದದ್ದು ಅವರ ಅರಿವಿಗೇ ಬಂದಿರಲಿಲ್ಲ. "ಅಮ್ಮಾ, ಬೆರಳು ಆಡಿಸಿ" ಎಂದೆ. ಹೆಬ್ಬೆರಳು ತುಸು ಅಲುಗಿತು. ನನಗೆ ಜೀವ ಬಂದಂತಾಯಿತು. ಸ್ನಾಯು ಇನ್ನೂ ಸತ್ತಿರಲಿಲ್ಲ.

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರೆ ಎಲ್ಲರೂ ಊತವನ್ನೇ ನೆನೆಯುತ್ತಾರೆ. ಅದು ಅಭಿಧಮನಿ ಕಟ್ಟಿಕೊಂಡಾಗಿನ ಲಕ್ಷಣ: ಬಂದ ರಕ್ತ ಹಿಂತಿರುಗಲಾರದೆ ಕಾಲು ಬಾತುಕೊಳ್ಳುತ್ತದೆ. ಅಪಧಮನಿ ಕಟ್ಟಿಕೊಂಡರೆ ರಕ್ತ ಬರುವುದೇ ನಿಲ್ಲುತ್ತದೆ. ಆಗ ಊತವಿಲ್ಲ, ನೋವು, ಬಿಳಿಚಿಕೆ, ತಂಪು, ಜೋಮು, ಕೊನೆಗೆ ಬೆರಳು ಆಡಿಸಲಾಗದ ಸ್ಥಿತಿ. ರಕ್ತ ಪೂರ್ತಿ ನಿಂತರೆ ಸ್ನಾಯು ಮತ್ತು ನರ ತಡೆದುಕೊಳ್ಳುವುದು ಸುಮಾರು 6 ಗಂಟೆ. ಸಕ್ಕರೆ ಕಾಯಿಲೆಯವರಲ್ಲಿ ಜೋಮನ್ನು ಸಕ್ಕರೆಯ ಲೆಕ್ಕಕ್ಕೆ ಬರೆದು ಬಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಸಕ್ಕರೆಯ ಜೋಮು ಒಂದೇ ರಾತ್ರಿಯಲ್ಲಿ, ಒಂದೇ ಕಾಲಿಗೆ ಬರುವುದಿಲ್ಲ.

ಈ ತಾಯಿಯ ಹೆಪ್ಪು ಹುಟ್ಟಿದ್ದು ಹೃದಯದಲ್ಲಿ. ಚಿಕ್ಕಂದಿನ ಸಂಧಿವಾತ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ, ಹೃದಯದ ಬಡಿತ ತಾಳ ತಪ್ಪಿತ್ತು. ರಕ್ತ ತೆಳುವಾಗಿಸುವ ಮಾತ್ರೆಯನ್ನು "ಆರಾಮಾಗಿದ್ದೇನಲ್ಲ" ಎಂದು ಒಂದು ತಿಂಗಳ ಹಿಂದೆ ನಿಲ್ಲಿಸಿದ್ದರು.

ಹೆಪ್ಪು ಬೆಳೆಯದಂತೆ ಹೆಪಾರಿನ್ ಕೊಟ್ಟು, ಎಕ್ಸ್‌ರೇ ನೋಡುತ್ತ ನಾಳದೊಳಗೆ ಕೆಲಸ ಮಾಡುವ ಕ್ಯಾತ್‌ಲ್ಯಾಬಿಗೆ ಕರೆದೊಯ್ದೆವು. ಮರಗಟ್ಟಿಸುವ ಮದ್ದು ಕೊಟ್ಟು, ಎಡ ತೊಡೆಸಂದಿನಲ್ಲಿ ಸೂಜಿಯಿಂದ ಒಂದು ತೂತು. ಹೊಕ್ಕುಳದ ಮಟ್ಟದಲ್ಲಿ ಮಹಾಪಧಮನಿ ಕವಲೊಡೆಯುವಲ್ಲಿ ತಂತಿಯನ್ನು ತಿರುಗಿಸಿ ಬಲಗಾಲಿಗೆ ಇಳಿಸಿದೆವು. ಎಕ್ಸ್‌ರೇ ಪರದೆಯ ಮೇಲೆ ಮಂಡಿಯ ಹಿಂದೆ, ನಾಳ ಕಾಣಲೆಂದು ಬಿಟ್ಟ ದ್ರಾವಣ ಗೋಡೆಗೆ ಬಡಿದಂತೆ ನಿಂತಿತು. ತಂತಿಯ ಮೇಲೆ ಜಾರಿಸಿದ ಕ್ಯಾತಿಟರ್ (ಸಪೂರ ಕೊಳವೆ) 8 ಫ್ರೆಂಚ್ ಅಳತೆಯದು, ಅಂದರೆ 3 ಮಿಲಿಮೀಟರಿಗೂ ಕಡಿಮೆ ದಪ್ಪದ್ದು. ಪಂಪು ಹೀರತೊಡಗಿದಾಗ ನಳಿಕೆಯಲ್ಲಿ ರಕ್ತ ಸರಾಗವಾಗಿ ಓಡಿದರೆ ಹೆಪ್ಪು ಸಿಕ್ಕಿಲ್ಲವೆಂದೇ ಅರ್ಥ. ಓಟ ಥಟ್ಟನೆ ನಿಂತಿತು. ಮೆಲ್ಲಗೆ ಹಿಂದಕ್ಕೆಳೆದಾಗ ಕಿರುಬೆರಳಿನುದ್ದದ, ಜಿಗಣೆಯಂತೆ ನುಣುಪಾದ ಕಡುಗೆಂಪು ತುಂಡು ಹೊರಬಂತು. ಮೀನಖಂಡದ ಸಣ್ಣ ನಾಳಗಳಿಗೆ ಜಾರಿದ್ದ ಚೂರುಗಳಿಗೆ ಇನ್ನೂ ಸಪೂರದ ಕ್ಯಾತಿಟರ್ ಬೇಕಾಯಿತು. ಹೆಪ್ಪು ಕರಗಿಸುವ ಔಷಧವನ್ನು ಹನಿಹನಿಯಾಗಿ ಬಿಡುವ ದಾರಿಯೂ ಇದೆ. ಆದರೆ ಅದಕ್ಕೆ ಹಲವು ಗಂಟೆಗಳು ಬೇಕು, ಮೆದುಳಿನಲ್ಲಿ ರಕ್ತಸ್ರಾವದ ಅಪಾಯವೂ ಉಂಟು. ಈ ಕಾಲಿಗೆ ಅಷ್ಟು ಸಮಯ ಉಳಿದಿರಲಿಲ್ಲ.

"ಕೊಯ್ಯದೆ ಮಾಡಿಬಿಡಿ ಸಾರ್" ಎಂದು ಎಲ್ಲರೂ ಕೇಳುತ್ತಾರೆ. ನಾನು ಎಲ್ಲರಿಗೂ ಒಪ್ಪುವುದಿಲ್ಲ. ಹೆಪ್ಪು ತೊಡೆಸಂದಿನಲ್ಲೇ ಕೂತಿದ್ದರೆ ಅಲ್ಲೊಂದು ಸಣ್ಣ ಗಾಯ ಮಾಡಿ ಹೆಪ್ಪಿನಾಚೆ ಬಲೂನು ಉಬ್ಬಿಸಿ ಎಳೆಯುವುದು ಇಂದಿಗೂ ಬಹಳ ವೇಗದ ದಾರಿ. ಆ ಬಲೂನನ್ನು ಕೊಟ್ಟವರು ಅಮೆರಿಕದ ಥಾಮಸ್ ಫೋಗಾರ್ಟಿ. ಶಸ್ತ್ರಚಿಕಿತ್ಸೆಯ ಕೈಗವಸಿನ ಬೆರಳನ್ನು ಕತ್ತರಿಸಿ, ಮೀನಿನ ಗಾಳ ಕಟ್ಟುವ ಗಂಟಿನಿಂದ ಕ್ಯಾತಿಟರಿನ ತುದಿಗೆ ಬಿಗಿದು ಮಾಡಿದ ಆ ಸಾಧನ 1963ರಲ್ಲಿ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು ನಾಳವನ್ನು ಉದ್ದಕ್ಕೆ ಕೊಯ್ಯಬೇಕಿತ್ತು. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಹೆಜ್ಜೆಯನ್ನು ಆಮೇಲೆ ಯಾರೂ ಇಟ್ಟಿಲ್ಲ.

ಪರದೆಯ ಚಿತ್ರ ಚೆನ್ನಾಗಿ ಕಂಡರೆ ಕೆಲಸ ಮುಗಿಯಲಿಲ್ಲ. ಪಾದದ ಮೇಲೆ, ರಕ್ತದ ಓಟವನ್ನು ಸದ್ದಾಗಿ ಕೇಳಿಸುವ ಡಾಪ್ಲರ್ ಯಂತ್ರ ಇಟ್ಟು, ನಾಡಿಯ ಸದ್ದು ಕೇಳಿಸಿದ ಕಡೆ ಪೆನ್ನಿನಿಂದ ಗುರುತು ಹಾಕಿದೆ. ಆ ರಾತ್ರಿಯಿಡೀ ನರ್ಸ್ ಗಂಟೆಗೊಮ್ಮೆ ಅಲ್ಲಿ ಆಲಿಸಿದರು, ಮೀನಖಂಡವನ್ನು ಒತ್ತಿ ನೋಡಿದರು. ಹಸಿದ ಸ್ನಾಯುವಿಗೆ ಒಮ್ಮೆಲೇ ರಕ್ತ ನುಗ್ಗಿದಾಗ ಅದು ಊದಿ ಕಲ್ಲಾಗಬಹುದು; ಹಾಗಾದರೆ ಸ್ನಾಯುವಿನ ಹೊದಿಕೆಯನ್ನು ಸೀಳಿ ಒತ್ತಡ ಇಳಿಸಲೇಬೇಕು. ಸತ್ತ ಸ್ನಾಯುವಿನಿಂದ ರಕ್ತಕ್ಕೆ ಸೇರುವ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಲ್ಲದು. ಇವರಿಗೆ ಎರಡೂ ಆಗಲಿಲ್ಲ.

ನಿಲ್ಲಿಸಿದ್ದ ರಕ್ತ ತೆಳುವಾಗಿಸುವ ಮಾತ್ರೆ ವಾರ್ಫರಿನ್ ಮತ್ತೆ ಆರಂಭವಾಯಿತು, ಈ ಬಾರಿ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಐಎನ್‌ಆರ್ ಪರೀಕ್ಷೆಯ ಚೀಟಿಯನ್ನು ಮಗನೇ ಜೋಪಾನ ಮಾಡುತ್ತಿದ್ದಾನೆ. ತೊಡೆಸಂದಿನ ತೂತು ಕೆಲವೇ ದಿನಗಳಲ್ಲಿ ಮಾಯಿತು. ಅಂಗಾಲಿನ ಸುಟ್ಟ ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು.