ಕೊನೆಗಿರಲಿ ಅಂತ ಎತ್ತಿಟ್ಟ ತೋಳು

2016ರ ಅಕ್ಟೋಬರ್ 4ರ ರಾತ್ರಿ, ಕೆನಡಾದ ಟೊರಾಂಟೊ ನಗರ. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ ಅನ್ನುವಂಥ ಬೇಸ್‌ಬಾಲ್ ಪಂದ್ಯ. ಟೊರಾಂಟೊ ಬ್ಲೂ ಜೇಸ್ ತಂಡಕ್ಕೆ ಇದು ಸ್ವಂತ ಊರು. ಬಾಲ್ಟಿಮೋರ್ ಓರಿಯೋಲ್ಸ್ ಹೊರಗಿನಿಂದ ಬಂದವರು. ಇಲ್ಲಿ ಇನಿಂಗ್ ಅಂದರೆ ಎರಡೂ ತಂಡ ಮೂರು ಔಟ್ ಆಗುವ ತನಕ ಒಂದೊಂದು ಸಲ ಬ್ಯಾಟ್ ಮಾಡುವ ಸುತ್ತು. 9 ಇನಿಂಗ್ ಮುಗಿದಾಗ ಸ್ಕೋರು 2-2. ಹತ್ತನೆಯದರಲ್ಲೂ ಯಾರೂ ಬಗ್ಗಲಿಲ್ಲ.

ಬಾಲ್ಟಿಮೋರ್ ತಂಡದಲ್ಲಿ ಝ್ಯಾಕ್ ಬ್ರಿಟನ್ ಅಂತ ಒಬ್ಬ ಪಿಚರ್ ಇದ್ದರು. ಪಿಚರ್ ಅಂದರೆ ಚೆಂಡು ಎಸೆಯುವವರು, ನಮ್ಮ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ. ಆ ವರ್ಷ ಅವರು 67 ಇನಿಂಗ್ ಎಸೆದಿದ್ದರು. ಅಷ್ಟಕ್ಕೂ ಅವರ ತಪ್ಪಿನ ಲೆಕ್ಕಕ್ಕೆ ಬಿದ್ದದ್ದು ಬರೀ 4 ರನ್. ಗೆಲುವನ್ನು ಕಾಪಾಡು ಅಂತ ಕೊನೆಯಲ್ಲಿ 47 ಸಲ ಅವರ ಕೈಗೆ ಚೆಂಡು ಕೊಟ್ಟಿದ್ದರು, 47 ಸಲವೂ ಕಾಪಾಡಿದ್ದರು. ಅವರ ಎಸೆತಕ್ಕೆ ಸಿಂಕರ್ ಅಂತ ಹೆಸರು. ಬ್ಯಾಟ್ ಹತ್ತಿರ ಬಂದಾಗ ಚೆಂಡು ದಬಕ್ಕನೆ ಕೆಳಗಿಳಿಯುತ್ತದೆ. ಅದಕ್ಕೇ ಅವರ ಚೆಂಡನ್ನು ಹೊಡೆದರೆ ಹತ್ತರಲ್ಲಿ ಎಂಟು ಸಲ ಅದು ನೆಲದ ಮೇಲೇ ಉರುಳುತ್ತಿತ್ತು. ಗಾಳಿಗೇ ಏಳದ ಚೆಂಡು ಹೋಮ್ ರನ್ (ನಮ್ಮ ಸಿಕ್ಸರ್ ಥರ ಗೋಡೆಯಾಚೆ ಬೀಳುವ ಹೊಡೆತ) ಆಗುವುದು ಹೇಗೆ?

ಬಾಲ್ಟಿಮೋರ್ ಮ್ಯಾನೇಜರ್ ಬಕ್ ಶೋವಾಲ್ಟರ್ ಆ ರಾತ್ರಿ ಒಬ್ಬರಾದ ಮೇಲೆ ಒಬ್ಬರಂತೆ ಆರು ಬದಲಿ ಪಿಚರ್‌ಗಳನ್ನು ಕಳಿಸಿದರು. ಆರರಲ್ಲಿ ಬ್ರಿಟನ್ ಇರಲಿಲ್ಲ. ಹನ್ನೊಂದನೇ ಇನಿಂಗ್‌ನಲ್ಲಿ ಉಬಾಲ್ಡೊ ಹಿಮೆನೆಸ್ ಬಂದರು. ಸಾಲಾಗಿ ಇಬ್ಬರು ಹೊಡೆದು ಬೇಸ್ ಸೇರಿದರು. ಬೇಸ್ ಅಂದರೆ ರನ್ ಗಳಿಸಲು ಓಡುತ್ತಾ ಮುಟ್ಟಬೇಕಾದ ನಿಲ್ದಾಣ. ಆಗ ಎಡ್ವಿನ್ ಎನ್‌ಕಾರ್ನಾಸಿಯೋನ್ ಬ್ಯಾಟ್ ಬೀಸಿದರು, ಚೆಂಡು ಎಡಗಡೆಯ ಪ್ರೇಕ್ಷಕರ ನಡುವೆ ಹೋಗಿ ಬಿತ್ತು. ಬೇಸ್ ಮೇಲಿದ್ದ ಇಬ್ಬರದೂ ಅವರದೂ ಸೇರಿ ಮೂರು ರನ್, 5-2, ಆಟ ಮುಗಿಯಿತು. ಬಾಲ್ಟಿಮೋರ್‌ನ ಆ ವರ್ಷವೂ ಅಲ್ಲಿಗೇ ಮುಗಿಯಿತು. ಬ್ರಿಟನ್ ಬುಲ್‌ಪೆನ್‌ನಲ್ಲೇ, ಅಂದರೆ ಬದಲಿ ಪಿಚರ್‌ಗಳು ಕಾಯುವ ಜಾಗದಲ್ಲೇ ಉಳಿದರು.

ಇದೇನು ಹುಚ್ಚು ಅನ್ನಿಸುತ್ತದೆ ಅಲ್ವಾ? ಆದರೆ ಶೋವಾಲ್ಟರ್ ದಡ್ಡರಲ್ಲ. ಆ ಕಾಲದ ಹೆಚ್ಚಿನ ಮ್ಯಾನೇಜರ್‌ಗಳು ಅದನ್ನೇ ಮಾಡುತ್ತಿದ್ದರು. ಯಾಕೆ ಅನ್ನುವುದೇ ಈ ಲೇಖನದ ವಿಷಯ.

ಮೊದಲು ಒಂದು ನಿಯಮ ಗೊತ್ತಿರಬೇಕು. ಬೇಸ್‌ಬಾಲ್‌ನಲ್ಲಿ ಹೊರಗೆ ಕರೆಸಿಕೊಂಡ ಆಟಗಾರ ಆ ಪಂದ್ಯಕ್ಕೆ ಮತ್ತೆ ಬರುವ ಹಾಗಿಲ್ಲ. ಕ್ರಿಕೆಟ್ಟಿನಲ್ಲಿ ಬುಮ್ರಾ ಕೈಯಲ್ಲಿ ಒಂದು ಓವರ್ ಹಾಕಿಸಿ, ನಿಲ್ಲಿಸಿ, ಹತ್ತು ಓವರ್ ಆದ ಮೇಲೆ ಮತ್ತೆ ಕರೆಯಬಹುದು. ಇಲ್ಲಿ ಅದಿಲ್ಲ. ಪ್ರತಿಯೊಂದು ತೋಳೂ ಒಂದೇ ಸಲ ಗೀರಬಹುದಾದ ಬೆಂಕಿಕಡ್ಡಿ.

ಹಾಗಾದರೆ ಮೊದಲ ಪಿಚರ್ ಕೈಯಲ್ಲೇ ಇಡೀ ಪಂದ್ಯ ಎಸೆಸಬಾರದಾ? ಹಿಂದೆ ಎಸೆಸುತ್ತಿದ್ದರು. 1920ರ ಮೇ 1ರಂದು ಬೋಸ್ಟನ್‌ನಲ್ಲಿ ಬ್ರೂಕ್ಲಿನ್‌ನ ಲಿಯಾನ್ ಕಡೋರ್ ಮತ್ತು ಬೋಸ್ಟನ್‌ನ ಜೋ ಓಶ್ಗರ್ ಇಬ್ಬರೂ 26 ಇನಿಂಗ್ ಪೂರ್ತಿ ಎಸೆದರು. ಕತ್ತಲಾಯಿತು, ಆಟ 1-1ಕ್ಕೆ ನಿಂತಿತು. ಇವತ್ತು ಅಂಥದ್ದನ್ನು ಯಾರೂ ಕನಸಿನಲ್ಲೂ ಯೋಚಿಸುವುದಿಲ್ಲ. ದಣಿವು ಒಂದು ಕಾರಣ. ಅದಕ್ಕಿಂತ ಕುತೂಹಲದ ಕಾರಣ ಬ್ಯಾಟರ್‌ನ ತಲೆಯೊಳಗಿದೆ.

ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್‌ಗೆ ಇರುವ ದೂರ 18.44 ಮೀಟರ್. ಪಿಚರ್ ಮುಂದೆ ಹೆಜ್ಜೆ ಚಾಚಿ ಎಸೆಯುವುದರಿಂದ ಚೆಂಡು ಹಾರುವುದು ಇನ್ನೂ ಕಡಿಮೆ ದೂರ. ಗಂಟೆಗೆ 150 ಕಿಲೋಮೀಟರ್ ವೇಗದ ಎಸೆತಕ್ಕೆ ಸಾಕಾಗುವುದು ಸುಮಾರು 0.4 ಸೆಕೆಂಡ್. ಬ್ಯಾಟ್ ಬೀಸುವುದಕ್ಕೇ ಅದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೋಗುತ್ತದೆ. ಅಂದರೆ ಚೆಂಡು ಅರ್ಧ ದಾರಿಯಲ್ಲಿರುವಾಗಲೇ ಬೀಸಬೇಕೋ ಬೇಡವೋ ಅಂತ ತೀರ್ಮಾನ ಆಗಿಬಿಟ್ಟಿರಬೇಕು. ಬ್ಯಾಟರ್ ಚೆಂಡನ್ನು ನೋಡಿ ಹೊಡೆಯುತ್ತಾನೆ ಅನ್ನುವುದು ಅರ್ಧ ಸತ್ಯ. ಅವನು ಊಹಿಸಿ ಹೊಡೆಯುತ್ತಾನೆ. ಊಹೆಗೆ ಆಧಾರ, ಇದೇ ಕೈಯಿಂದ ಮೊದಲು ಬಂದ ಎಸೆತಗಳ ನೆನಪು.

ಹಾಗಾಗಿ ಒಬ್ಬ ಬ್ಯಾಟರ್ ಅದೇ ಪಿಚರ್‌ನನ್ನು ಒಂದೇ ರಾತ್ರಿ ಮೂರನೇ ಸಲ ಎದುರಿಸುವಾಗ ಮೊದಲ ಸಲಕ್ಕಿಂತ ಚೆನ್ನಾಗಿ ಹೊಡೆಯುತ್ತಾನೆ. ಲಕ್ಷಾಂತರ ಎಸೆತಗಳ ದಾಖಲೆ ತೆಗೆದು ನೋಡಿದರೆ ಸರಾಸರಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮೂರನೇ ಸುತ್ತು ಬರುವುದು ಸಾಮಾನ್ಯವಾಗಿ ಐದು, ಆರನೇ ಇನಿಂಗ್ ಹೊತ್ತಿಗೆ. ಅಷ್ಟರಲ್ಲಿ ತೋಳೂ ಸೋತಿರುತ್ತದೆ. ಆಗ ಬುಲ್‌ಪೆನ್‌ನಿಂದ ಬರುವವನ ಕೈ ಯಾರಿಗೂ ಪರಿಚಯವಿಲ್ಲ. ಜೊತೆಗೆ ಅವನಿಗೆ ಆರು ಇನಿಂಗ್‌ಗೆ ಅಂತ ಶಕ್ತಿ ಉಳಿಸಿಕೊಳ್ಳುವ ಗೋಜೂ ಇಲ್ಲ. ಮೂರು ಔಟ್ ಸಾಕು, ಮೈಯಲ್ಲಿರುವುದನ್ನೆಲ್ಲ ಸುರಿಯಬಹುದು. ಎರಡೇ ಬಗೆಯ ಎಸೆತ ಗೊತ್ತಿದ್ದರೂ ಬದುಕಬಹುದು.

ಇಷ್ಟರವರೆಗೆ ಲೆಕ್ಕ ಸರಳ. ಕಷ್ಟ ಇರುವುದು ಮುಂದಿನ ಪ್ರಶ್ನೆಯಲ್ಲಿ. ಏಳೆಂಟು ಬದಲಿ ಪಿಚರ್‌ಗಳಲ್ಲಿ ಎಲ್ಲರಿಗಿಂತ ಒಳ್ಳೆಯವನನ್ನು ಯಾವಾಗ ಇಳಿಸಬೇಕು?

ಇಲ್ಲಿ ಒಂದು ಅಂಕಿಯ ಕಥೆ ಬರುತ್ತದೆ. ಷಿಕಾಗೋದ ಕ್ರೀಡಾ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ ಅವರಿಗೆ ಬದಲಿ ಪಿಚರ್‌ಗಳ ಕೆಲಸಕ್ಕೆ ಬೆಲೆಯೇ ಸಿಗುತ್ತಿಲ್ಲ ಅನ್ನಿಸಿತ್ತು. ಅದಕ್ಕಾಗಿ ಅವರು 'ಸೇವ್' ಅನ್ನುವ ಲೆಕ್ಕ ಹುಟ್ಟುಹಾಕಿದರು. 1969ರಲ್ಲಿ ಅದು ಅಧಿಕೃತವಾಯಿತು. ಸ್ಥೂಲವಾಗಿ ಹೇಳಬೇಕೆಂದರೆ, ತಂಡ ಮೂರು ಅಥವಾ ಅದಕ್ಕಿಂತ ಕಡಿಮೆ ರನ್‌ಗಳಿಂದ ಮುಂದಿರುವಾಗ ಬಂದು, ಕೊನೆಯ ಇನಿಂಗ್ ಎಸೆದು ಗೆಲುವು ಮುಗಿಸಿದರೆ ಒಂದು ಸೇವ್. ಉದ್ದೇಶ ತುಂಬಾ ಒಳ್ಳೆಯದು. ಆದರೆ ಆ ಅಳತೆಗೋಲೇ ಮುಂದೆ ಆಟವನ್ನು ತನ್ನ ಆಕಾರಕ್ಕೆ ಬಗ್ಗಿಸಿತು. ಸೇವ್ ಜಾಸ್ತಿ ಇದ್ದವನಿಗೆ ಸಂಬಳ ಜಾಸ್ತಿ, ಹೆಸರು ಜಾಸ್ತಿ. 1980ರ ದಶಕದ ಕೊನೆಯಲ್ಲಿ ಓಕ್‌ಲ್ಯಾಂಡ್ ಮ್ಯಾನೇಜರ್ ಟೋನಿ ಲಾ ರೂಸಾ ಅವರು ಡೆನಿಸ್ ಎಕರ್ಸ್ಲಿ ಅವರನ್ನು ಹೆಚ್ಚಾಗಿ ಒಂದೇ ಇನಿಂಗ್‌ಗೆ, ಅದೂ ಮುಂದಿರುವಾಗ ಮಾತ್ರ ಇಳಿಸತೊಡಗಿದರು. ವಯಸ್ಸಾಗುತ್ತಿದ್ದ ಎಕರ್ಸ್ಲಿಗೆ ಅದು ಹೊಸ ಜೀವ ಕೊಟ್ಟಿತು. 1992ರಲ್ಲಿ ಲೀಗ್‌ನ ಶ್ರೇಷ್ಠ ಪಿಚರ್, ಶ್ರೇಷ್ಠ ಆಟಗಾರ ಎರಡೂ ಪ್ರಶಸ್ತಿ ಅವರಿಗೇ ಬಂತು. ಎಲ್ಲ ತಂಡಗಳೂ ಅದನ್ನು ನಕಲು ಮಾಡಿದವು. ಕೊನೆಯ ಇನಿಂಗ್‌ನವನಿಗೆ 'ಕ್ಲೋಸರ್' ಅನ್ನುವ ಹೆಸರು ಗಟ್ಟಿಯಾಯಿತು.

ಆದರೆ ಪಂದ್ಯ ಕೈತಪ್ಪುವುದು ಒಂಬತ್ತನೇ ಇನಿಂಗ್‌ನಲ್ಲೇ ಅಂತ ಯಾರು ಹೇಳಿದರು? ಮೂರು ರನ್ ಮುಂದಿದ್ದು, ಬೇಸ್ ಎಲ್ಲ ಖಾಲಿ ಇದ್ದು, ಬರೀ ಮೂರು ಔಟ್ ಬೇಕಿದ್ದರೆ ಸಾಧಾರಣ ಪಿಚರ್ ಕೂಡ ಸಾಮಾನ್ಯವಾಗಿ ದಡ ಸೇರಿಸುತ್ತಾನೆ. ಒಂಬತ್ತನೇ ಇನಿಂಗ್‌ಗೆ ಕಾಲಿಡುವಾಗ ಮುಂದಿರುವ ತಂಡ, ಅಂತರ ಎಷ್ಟೇ ಇರಲಿ, 100ರಲ್ಲಿ ಸುಮಾರು 95 ಸಲ ಗೆಲ್ಲುತ್ತದೆ. ಕ್ಲೋಸರ್ ಅನ್ನುವ ಹುದ್ದೆಯೇ ಇಲ್ಲದ ಕಾಲದಲ್ಲೂ ಹೆಚ್ಚುಕಮ್ಮಿ ಇಷ್ಟೇ ಇತ್ತು. ಅದೇ ಏಳನೇ ಇನಿಂಗ್‌ನಲ್ಲಿ ಒಂದೇ ರನ್ ಮುಂದೆ, ಮೂರೂ ಬೇಸ್ ತುಂಬಿವೆ, ಎದುರು ತಂಡದ ಬಲಿಷ್ಠ ಬ್ಯಾಟರ್ ಬರುತ್ತಿದ್ದಾನೆ ಅನ್ನಿ. ಇಲ್ಲಿ ಒಂದು ಎಸೆತ ಇಡೀ ರಾತ್ರಿಯನ್ನು ತಿರುಗಿಸುತ್ತದೆ.

ಟಾಮ್ ಟ್ಯಾಂಗೊ ಅನ್ನುವ ಅಂಕಿಸಂಖ್ಯೆ ತಜ್ಞರು ಇದಕ್ಕೊಂದು ಅಳತೆ ಮಾಡಿದ್ದಾರೆ. ನಾನು ಅದನ್ನು ಗಳಿಗೆಯ ತೂಕ ಅಂತ ಕರೆಯುತ್ತೇನೆ. ಇನಿಂಗ್, ರನ್ ಅಂತರ, ಔಟ್, ಬೇಸ್ ಮೇಲಿರುವವರು, ಇವೆಲ್ಲ ಸೇರಿಸಿ ಈ ಕ್ಷಣದಲ್ಲಿ ಗೆಲುವಿನ ಸಾಧ್ಯತೆ ಎಷ್ಟು ಅಲ್ಲಾಡಬಹುದು ಅಂತ ಲೆಕ್ಕ ಹಾಕುತ್ತಾರೆ. ಸರಾಸರಿ ಗಳಿಗೆಗೆ 1. ತೂಕ 2 ಅಂದರೆ ಪಣಕ್ಕಿಟ್ಟದ್ದು ಅದರ ದುಪ್ಪಟ್ಟು. ಒಳ್ಳೆಯ ತೋಳನ್ನು ತೂಕದ ಗಳಿಗೆಗೆ ಖರ್ಚು ಮಾಡು, ಗಡಿಯಾರ ನೋಡಿ ಅಲ್ಲ ಅನ್ನುವುದು ಇದರ ಮಾತು.

2024ರ ಟಿ20 ವಿಶ್ವಕಪ್ ಫೈನಲ್ ನೋಡಿದವರಿಗೆ ಇದು ಥಟ್ಟನೆ ಅರ್ಥ ಆಗುತ್ತದೆ. ದಕ್ಷಿಣ ಆಫ್ರಿಕಾಗೆ 30 ಎಸೆತಕ್ಕೆ 30 ರನ್ ಬೇಕಿತ್ತು. ರೋಹಿತ್ ಶರ್ಮಾ ಬುಮ್ರಾ ಅವರನ್ನು ಕೊನೆಯ ಓವರ್‌ಗೆ ಎತ್ತಿಡಲಿಲ್ಲ. 16 ಮತ್ತು 18ನೇ ಓವರ್‌ಗಳನ್ನು ಹಾಕಿಸಿ ಮುಗಿಸಿಬಿಟ್ಟರು. ಎರಡೂ ಓವರ್ ಸೇರಿ 6 ರನ್ ಬಂತು. ಕೊನೆಯ ಓವರ್ ಹಾರ್ದಿಕ್ ಪಾಂಡ್ಯ ಕೈಗೆ ಬಂದಾಗ ಎದುರಾಳಿಗೆ 16 ರನ್ ಬೇಕಾಗಿತ್ತು. ಶೋವಾಲ್ಟರ್ ಮಾಡಿದ್ದು ಇದರ ಉಲ್ಟಾ. ಹೊರಗಿನ ತಂಡ ಸಮ ಸ್ಕೋರಿನಲ್ಲಿರುವಾಗ ಕ್ಲೋಸರ್‌ನನ್ನು ಬಳಸಬೇಡ, ಮುಂದೆ ರನ್ ಹೊಡೆದ ಮೇಲೆ ಅದನ್ನು ಕಾಪಾಡೋದಕ್ಕೆ ಅವನು ಬೇಕಾಗುತ್ತಾನೆ ಅನ್ನುವುದು ಹಳೆಯ ಪಾಠ. ಪ್ರತಿ ಇನಿಂಗ್‌ನಲ್ಲಿ ಎರಡನೆಯದಾಗಿ ಬ್ಯಾಟ್ ಮಾಡುವ ಆತಿಥೇಯರು ಆಗ ಒಂದು ರನ್ ಹೊಡೆದರೂ ಆಟ ಅಲ್ಲೇ ಮುಗಿಯುತ್ತದೆ, ಕಾಪಾಡುವುದಕ್ಕೆ ಏನೂ ಉಳಿಯುವುದಿಲ್ಲ ಅನ್ನುವುದನ್ನು ಆ ಪಾಠ ಮರೆಯುತ್ತದೆ.

ಅದೇ ತಿಂಗಳು ಕ್ಲೀವ್‌ಲ್ಯಾಂಡ್ ಮ್ಯಾನೇಜರ್ ಟೆರಿ ಫ್ರಾಂಕೋನಾ ಬೇರೆ ದಾರಿ ತೋರಿಸಿದರು. ತಮ್ಮ ಅತ್ಯುತ್ತಮ ಬದಲಿ ಪಿಚರ್ ಆಂಡ್ರ್ಯೂ ಮಿಲ್ಲರ್ ಅವರನ್ನು ಐದನೇ ಇನಿಂಗ್‌ನಲ್ಲೂ ಇಳಿಸಿದರು, ಏಳರಲ್ಲೂ ಇಳಿಸಿದರು. ಬೆಂಕಿ ಎಲ್ಲಿ ಹೊತ್ತಿದೆಯೋ ಅಲ್ಲಿಗೆ. ಬಾಲ್ಟಿಮೋರನ್ನು ಸೋಲಿಸಿ ಬಂದಿದ್ದ ಅದೇ ಟೊರಾಂಟೊ ಎದುರಿನ ಸರಣಿಯಲ್ಲಿ ಮಿಲ್ಲರ್ 14 ಸಲ ಸ್ಟ್ರೈಕ್‌ಔಟ್ ಮಾಡಿದರು (ಅಂದರೆ ಬ್ಯಾಟರ್ ಚೆಂಡನ್ನು ಆಡಲಾಗದೆಯೇ ಔಟ್), ಒಂದು ರನ್ನೂ ಕೊಡಲಿಲ್ಲ. ಸರಣಿಶ್ರೇಷ್ಠರಾದರು.

ಹಾಗಂತ ಲೆಕ್ಕ ಗೊತ್ತಾಯಿತು, ಇನ್ನೇನು ಅನ್ನುವ ಹಾಗಿಲ್ಲ. ತೋಳು ಅಂಕಿಯಲ್ಲ, ಮಾಂಸ. ಅದೇ ವರ್ಷದ ವಿಶ್ವ ಸರಣಿಯಲ್ಲಿ, ಅಂದರೆ ವರ್ಷದ ಫೈನಲ್ ಸರಣಿಯಲ್ಲಿ, ಷಿಕಾಗೋ ಕಬ್ಸ್‌ನ ಜೋ ಮ್ಯಾಡನ್ ತಮ್ಮ ಕ್ಲೋಸರ್ ಅರೋಲ್ಡಿಸ್ ಚಾಪ್‌ಮನ್ ಕೈಯಲ್ಲಿ ಐದನೇ ಪಂದ್ಯದಲ್ಲಿ 42 ಎಸೆತ ಹಾಕಿಸಿದರು. ಆರನೇ ಪಂದ್ಯದಲ್ಲಿ 7-2 ಮುಂದಿರುವಾಗಲೂ ಕರೆದರು. ಮರುರಾತ್ರಿಯೇ ಏಳನೇ ಪಂದ್ಯ. ಆಗ ಕ್ಲೀವ್‌ಲ್ಯಾಂಡ್‌ನ ರಜಾಯ್ ಡೇವಿಸ್, ಚಾಪ್‌ಮನ್ ಎಸೆದ ಚೆಂಡನ್ನು ಎಡಗಡೆಯ ಗೋಡೆಯಾಚೆ ಹೊಡೆದು ಸ್ಕೋರು ಸಮ ಮಾಡಿದರು. ಮಿಲ್ಲರ್ ಕೂಡ ಆ ರಾತ್ರಿ ಹೋಮ್ ರನ್ ತಿಂದರು. ತೂಕದ ಗಳಿಗೆಗಳೆಲ್ಲ ಒಬ್ಬನ ಮೇಲೇ ಬಿದ್ದರೆ ಮೊಣಕೈಯ ಒಳಗಿನ ಸಣ್ಣ ಅಸ್ಥಿಬಂಧ ಅದನ್ನು ತಡೆಯಬೇಕಲ್ಲ. ಹರಿದ ಆ ಅಸ್ಥಿಬಂಧವನ್ನು ಮತ್ತೆ ಕಟ್ಟುವ ಶಸ್ತ್ರಚಿಕಿತ್ಸೆಯನ್ನು ಡಾ. ಫ್ರಾಂಕ್ ಜೋಬ್ 1974ರಲ್ಲಿ ಮೊದಲ ಸಲ ಮಾಡಿದ್ದು ಟಾಮಿ ಜಾನ್ ಅನ್ನುವ ಪಿಚರ್‌ಗೆ. ಇವತ್ತಿಗೂ ಅದಕ್ಕೆ ಅವರ ಹೆಸರೇ.

ತೀರ್ಮಾನವನ್ನು ಫಲಿತಾಂಶದಿಂದ ಅಳೆಯುವ ನಮ್ಮ ಅಭ್ಯಾಸವೂ ಮ್ಯಾನೇಜರ್‌ಗಳಿಗೆ ಅನ್ಯಾಯ ಮಾಡುತ್ತದೆ. 2003ರಲ್ಲಿ ಬೋಸ್ಟನ್‌ನ ಗ್ರೇಡಿ ಲಿಟಲ್ ದಣಿದ ಪೆದ್ರೊ ಮಾರ್ಟಿನೆಸ್ ಅವರನ್ನು ಎಂಟನೇ ಇನಿಂಗ್‌ನಲ್ಲಿ ಬದಲಿಸಲಿಲ್ಲ. 5-2 ಇದ್ದದ್ದು 5-5 ಆಯಿತು, ಪಂದ್ಯ ಹೋಯಿತು, ಲಿಟಲ್ ಅವರ ಕೆಲಸವೂ ಹೋಯಿತು. 2020ರ ವಿಶ್ವ ಸರಣಿಯ ಆರನೇ ಪಂದ್ಯದಲ್ಲಿ ಟ್ಯಾಂಪಾ ಬೇಯ ಕೆವಿನ್ ಕ್ಯಾಷ್, 73 ಎಸೆತಕ್ಕೆ 9 ಸ್ಟ್ರೈಕ್‌ಔಟ್ ಮಾಡಿ ಅದ್ಭುತವಾಗಿ ಎಸೆಯುತ್ತಿದ್ದ ಬ್ಲೇಕ್ ಸ್ನೆಲ್ ಅವರನ್ನು ಬದಲಿಸಿದರು. ಮೂರನೇ ಸುತ್ತು ಶುರುವಾಗುತ್ತಿತ್ತು, ಅದಕ್ಕೇ. ಆ ಪಂದ್ಯವೂ ಹೋಯಿತು. ಒಬ್ಬರು ಬದಲಿಸದೆ ಬೈಸಿಕೊಂಡರು, ಇನ್ನೊಬ್ಬರು ಬದಲಿಸಿ. ನನ್ನ ಅಭಿಪ್ರಾಯ ಕೇಳಿದರೆ, ಕ್ಯಾಷ್ ತಪ್ಪಿದ್ದು ಸರಾಸರಿಯನ್ನು ನಂಬಿದ್ದರಲ್ಲಿ ಅಲ್ಲ. ಮುಂದೆ ಬರಲಿದ್ದ ಮೂವರೂ ಆ ರಾತ್ರಿ ಸ್ನೆಲ್ ಎದುರು ಆರಕ್ಕೆ ಆರು ಸಲ ಸ್ಟ್ರೈಕ್‌ಔಟ್ ಆಗಿದ್ದರು. ಬದಲಿಯಾಗಿ ಬಂದ ನಿಕ್ ಆಂಡರ್ಸನ್ ಆ ಹೊತ್ತಿಗೆ ಬಳಲಿದ್ದರು, ಸತತ ಆರು ಪಂದ್ಯಗಳಲ್ಲಿ ರನ್ ಕೊಟ್ಟೇ ಬಂದಿದ್ದರು. ಸರಾಸರಿ ಹೇಳದಿದ್ದ ಈ ಎರಡು ಸಂಗತಿ ಕಣ್ಣೆದುರಿಗೇ ಇದ್ದವು.

ಇನ್ನೊಂದು ವಿಷಯ ಟಿವಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಬದಲಿ ಪಿಚರ್ ಕುಳಿತಲ್ಲಿಂದ ಎದ್ದು ಸೀದಾ ಬರಲಾಗುವುದಿಲ್ಲ. ಬುಲ್‌ಪೆನ್‌ನಲ್ಲಿ ಇಪ್ಪತ್ತು ಮೂವತ್ತು ಎಸೆತ ಹಾಕಿ ವಾರ್ಮ್ ಅಪ್ ಆಗಬೇಕು. ಹಾಗಾಗಿ ಮ್ಯಾನೇಜರ್ ತೂಕದ ಗಳಿಗೆಯನ್ನು ಅದು ಬರುವ ಮೊದಲೇ ಊಹಿಸಿ, ಡಗೌಟ್‌ನಿಂದ ಫೋನ್ ಮಾಡಬೇಕು.

2011ರ ಅಕ್ಟೋಬರ್ 24, ಟೆಕ್ಸಸ್‌ನ ಆರ್ಲಿಂಗ್ಟನ್. ವಿಶ್ವ ಸರಣಿಯ ಐದನೇ ಪಂದ್ಯ, ಎಂಟನೇ ಇನಿಂಗ್, ಸ್ಕೋರು 2-2. ಆಗ ಸೇಂಟ್ ಲೂಯಿ ತಂಡದ ಮ್ಯಾನೇಜರ್ ಆಗಿದ್ದ ಅದೇ ಲಾ ರೂಸಾ ಫೋನ್ ಎತ್ತಿದರು. ಎಡಗೈನ ಝೆಪ್‌ಚಿನ್ಸ್ಕಿ, ಬಲಗೈನ ಜೇಸನ್ ಮೋಟ್, ಇಬ್ಬರೂ ತಯಾರಾಗಲಿ ಅಂದರು. ಮೈದಾನದಲ್ಲಿ 50 ಸಾವಿರಕ್ಕೂ ಹೆಚ್ಚು ಜನರ ಕೂಗು. ಬುಲ್‌ಪೆನ್‌ನಲ್ಲಿದ್ದ ಕೋಚ್‌ಗೆ ಕೇಳಿಸಿದ್ದು ಒಂದೇ ಹೆಸರು. ಬಲಗೈ ಬ್ಯಾಟರ್‌ಗೆ ಬಲಗೈ ಪಿಚರ್‌ನನ್ನು ಹೊಡೆಯುವುದು ಸಾಮಾನ್ಯವಾಗಿ ಹೆಚ್ಚು ಕಷ್ಟ. ಆದರೆ ಬೇಸ್ ತುಂಬಿ, ಬಲಗೈ ಬ್ಯಾಟರ್ ಮೈಕ್ ನಪೋಲಿ ಬಂದಾಗ ಬಲಗೈ ಪಿಚರ್ ತಯಾರಿರಲಿಲ್ಲ. ಝೆಪ್‌ಚಿನ್ಸ್ಕಿ ಎಸೆದರು, ನಪೋಲಿ ಹೊಡೆದು ಎರಡು ರನ್ ತಂದರು. ಲಾ ರೂಸಾ ಮತ್ತೆ ಫೋನ್ ಮಾಡಿ ಮೋಟ್ ಅಂದರು. ಆ ಕಡೆ ಕೇಳಿಸಿದ್ದು ಲಿನ್ ಅಂತ. ಪಿಚರ್ ಬದಲಿಸಲು ಲಾ ರೂಸಾ ನಡೆದು ಹೋಗಿ ನಿಂತರೆ ಎದುರಿಗೆ ಬಂದದ್ದು ಲ್ಯಾನ್ಸ್ ಲಿನ್. ಆ ರಾತ್ರಿ ವಿಶ್ರಾಂತಿಯಲ್ಲಿರಬೇಕಿದ್ದ ಹುಡುಗ. ಬಂದ ಮೇಲೆ ಒಬ್ಬ ಬ್ಯಾಟರ್‌ಗಾದರೂ ಎಸೆಯಲೇಬೇಕಿತ್ತು, ಆಗಿನ ನಿಯಮ ಹಾಗಿತ್ತು. ಲಿನ್ ಬೇಕಂತಲೇ ನಾಲ್ಕು ಎಸೆತಗಳನ್ನು ದೂರಕ್ಕೆ ಮೆಲ್ಲಗೆ ಹಾಕಿ ಇಯಾನ್ ಕಿನ್ಸ್ಲರ್ ಅವರನ್ನು ಸುಮ್ನೆ ಮೊದಲ ಬೇಸಿಗೆ ಕಳಿಸಿದರು. ಅಷ್ಟು ಹೊತ್ತಿಗೆ ಮೋಟ್ ತೋಳು ತಯಾರಾಗಿತ್ತು.