ಬಿಲ್ಲೆಯ ಮೇಲಿನ ಹುಲಿ ಟಿಪ್ಪುವಿನದಲ್ಲ

ಕೆಲವು ವರ್ಷಗಳ ಹಿಂದೆ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ನನಗೊಂದು ಹಿತ್ತಾಳೆ ಬಿಲ್ಲೆ ಸಿಕ್ಕಿತು, ಸಿಪಾಯಿಗಳು ಟೋಪಿಗೆ ಸಿಕ್ಕಿಸಿಕೊಳ್ಳುವಂಥದ್ದು. ಬೀಗದ ಕೈಗಳು, ತುಕ್ಕು ಹಿಡಿದ ಅಡಕತ್ತರಿ, ಚಲಾವಣೆ ಇಲ್ಲದ ಕಾಸುಗಳ ನಡುವೆ ಬಿದ್ದಿತ್ತು. ಹೆಜ್ಜೆ ಹಾಕುತ್ತಿರುವ ಹುಲಿ. ಅದರ ಮೇಲೊಂದು, ಕೆಳಗೊಂದು ಬಿಳಿ ಲೋಹದ ಪಟ್ಟಿ. ‘ಟಿಪ್ಪು ಸೈನ್ಯದ್ದು ಸಾರ್, ಶ್ರೀರಂಗಪಟ್ಟಣದ ಮಾಲು’ ಅಂದರು ಅಂಗಡಿಯವರು. ಹುಲಿ ಇದೆ, ಹಳೇದು, ಸಿಕ್ಕಿದ್ದು ನಮ್ಮ ಕಡೆ. ಇನ್ನೇನು ಬೇಕು? ಚೌಕಾಸಿಯನ್ನೂ ಮಾಡದೆ ದುಡ್ಡು ಕೊಟ್ಟೆ.

ಮನೆಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದರೆ ಪಟ್ಟಿಗಳ ಮೇಲೆ ಇಂಗ್ಲಿಷ್ ಅಕ್ಷರ. ಮೇಲೆ ‘ಹಿಂದೂಸ್ತಾನ್’, ಕೆಳಗೆ ‘ಲೆಸ್ಟರ್‌ಶೈರ್’. ಟಿಪ್ಪುವಿಗೂ ಇಂಗ್ಲೆಂಡಿನ ಲೆಸ್ಟರ್‌ಶೈರ್ ಜಿಲ್ಲೆಗೂ ಎಲ್ಲಿಯ ನಂಟು!

ನಂಟಿಲ್ಲ. ಟಿಪ್ಪು ಸತ್ತಿದ್ದು 1799ರ ಮೇ 4ರಂದು. ಬ್ರಿಟಿಷ್ ಸೇನೆಯ 17ನೇ ಕಾಲಾಳು ದಳ ಇಂಡಿಯಾಕ್ಕೆ ಬಂದು ಇಳಿದದ್ದು 1804ರಲ್ಲಿ, ವಾಪಸ್ ಹೋದದ್ದು 1823ರಲ್ಲಿ. ಇಲ್ಲಿ ದುಡಿದದ್ದಕ್ಕೆ ಮೆಚ್ಚುಗೆ ಅಂತ 1825ರಲ್ಲಿ ಅವರಿಗೆ ಹುಲಿ ಚಿತ್ರವನ್ನೂ ‘ಹಿಂದೂಸ್ತಾನ್’ ಅನ್ನೋ ಮಾತನ್ನೂ ಧರಿಸಲು ಅನುಮತಿ ಸಿಕ್ಕಿತು. ಇದೇ ದಳ ಮುಂದೆ ಲೆಸ್ಟರ್‌ಶೈರ್ ರೆಜಿಮೆಂಟ್ ಆಯಿತು. ಹ್ಯಾಂಪ್‌ಶೈರ್, ಯಾರ್ಕ್ ಅಂಡ್ ಲ್ಯಾಂಕಾಸ್ಟರ್ ರೆಜಿಮೆಂಟುಗಳ ಬಿಲ್ಲೆಗಳಲ್ಲೂ ಹುಲಿ ಇದೆ. ನಮ್ಮಲ್ಲಿ ಹುಲಿ ಕಂಡರೆ ಟಿಪ್ಪು ಅನ್ನೋದು ರೂಢಿ, ವ್ಯಾಪಾರಿಗೆ ಅದು ಚೆನ್ನಾಗಿ ಗೊತ್ತು.

ಯಾರದ್ದು ಅಂತ ತಿಳಿಯಿತು. ಯಾವ ಕಾಲದ್ದು? ಇದಕ್ಕೆ ಟೋಪಿ ಬಿಲ್ಲೆಗಳು ಹುಟ್ಟಿದ ಕಥೆಗೇ ಹೋಗಬೇಕು.

ಮೊದಲು ಬ್ರಿಟಿಷ್ ಕಾಲಾಳು ದಳಗಳಿಗೆ ನಂಬರೇ ಗುರುತು. 1ರಿಂದ 109ರವರೆಗೆ ಇದ್ದವು. 1881ರಲ್ಲಿ ಯುದ್ಧ ಮಂತ್ರಿ ಹ್ಯೂ ಚಿಲ್ಡರ್ಸ್ ನಂಬರುಗಳನ್ನು ತೆಗೆದು, ದಳಗಳನ್ನು ಜೋಡಿಸಿ, ಜಿಲ್ಲೆಗಳ ಹೆಸರು ಕೊಟ್ಟರು. ಹಾಗಾಗಿ ಬರೀ ನಂಬರ್ ಇರುವ ಇಂಗ್ಲಿಷ್ ದಳದ ಬಿಲ್ಲೆ ಸಾಮಾನ್ಯವಾಗಿ 1881ಕ್ಕಿಂತ ಹಿಂದಿನದು, ಜಿಲ್ಲೆಯ ಹೆಸರಿದ್ದರೆ ಆಮೇಲಿನದು. ಆದರೆ ಆಗಿನ್ನೂ ದೊಡ್ಡ ಹೆಲ್ಮೆಟ್ಟಿನ ತಗಡುಗಳದ್ದೇ ದರ್ಬಾರು. ಇವತ್ತು ನಾವು ಕ್ಯಾಪ್ ಬ್ಯಾಡ್ಜ್ ಅನ್ನುವ ಚಿಕ್ಕ ಬಿಲ್ಲೆ ಎಲ್ಲ ಸಿಪಾಯಿಗಳ ತಲೆಗೆ ಬಂದದ್ದು 1890ರ ದಶಕದ ಕೊನೆಗೆ, ಬಟ್ಟೆಯ ಮಡಚು ಟೋಪಿಯ ಜೊತೆ. 1902ರಲ್ಲಿ ಖಾಕಿ ಬಂದು ಎಲ್ಲರ ಅಂಗಿಯೂ ಒಂದೇ ಬಣ್ಣ ಆದಾಗ, ಇವನು ಯಾವ ರೆಜಿಮೆಂಟಿನವನು ಅಂತ ಹೇಳುವ ಕೆಲಸ ಮುಖ್ಯವಾಗಿ ಟೋಪಿಯ ಮೇಲೇ ಬಿತ್ತು.

ಅಂದರೆ ನನ್ನ ಹುಲಿ 1890ರ ದಶಕದ ಕೊನೆಗಿಂತ ಹಳೇದಾಗಿರಲು ಸಾಧ್ಯವಿಲ್ಲ. ಈಚೆಯ ಗಡಿಯೂ ಅದರ ಮೇಲೇ ಬರೆದಿದೆ. ಲೆಸ್ಟರ್‌ಶೈರ್ ರೆಜಿಮೆಂಟಿಗೆ ‘ರಾಯಲ್’ ಪಟ್ಟ ಸಿಕ್ಕಿದ್ದು 1946ರಲ್ಲಿ. 1964ರಲ್ಲಿ ಅದು ರಾಯಲ್ ಆಂಗ್ಲಿಯನ್ ರೆಜಿಮೆಂಟಿನೊಳಗೆ ಸೇರಿಹೋಯಿತು. ನನ್ನ ಪಟ್ಟಿಯಲ್ಲಿ ‘ರಾಯಲ್’ ಇಲ್ಲ. ಸುಮಾರು ಐವತ್ತು ವರ್ಷಗಳ ಅಂತರಕ್ಕೆ ಬಂದು ನಿಂತೆವು.

ಇಲ್ಲಿ ಜಾಸ್ತಿ ಜನ ಕಿರೀಟ ಹುಡುಕುತ್ತಾರೆ. ಬಿಲ್ಲೆಯ ಮೇಲೆ ಕಿರೀಟ ಇದ್ದರೆ ಕೆಲಸ ಸುಲಭ. ವಿಕ್ಟೋರಿಯಾ ಕಾಲದ ಕಿರೀಟ ಅಗಲ, ಕಮಾನುಗಳು ಬದಿಗೆ ಜೋತುಬಿದ್ದ ಹಾಗೆ. 1901ರ ನಂತರ ಬಂದ ಟ್ಯೂಡರ್ ಕಿರೀಟದ ಕಮಾನುಗಳು ಗೋಪುರದಂತೆ ದುಂಡಗೆ ಮೇಲೇರುತ್ತವೆ, ನಡುವೆ ತಗ್ಗಿಲ್ಲ. ಎರಡನೇ ಎಲಿಜಬೆತ್ ಕಾಲದ ಸೇಂಟ್ ಎಡ್ವರ್ಡ್ ಕಿರೀಟದಲ್ಲಿ ನಡುವೆ ತಗ್ಗಿದೆ, ಆ ತಗ್ಗಿನಲ್ಲಿ ಗುಂಡು ಕೂತಿದೆ. ಒಮ್ಮೆ ಕಣ್ಣಿಗೆ ಹಿಡಿದರೆ ಮರೆಯೋದಿಲ್ಲ. ತಮಾಷೆ ಅಂದರೆ, 2022ರಲ್ಲಿ ಮೂರನೇ ಚಾರ್ಲ್ಸ್ ಮತ್ತೆ ಟ್ಯೂಡರ್ ಕಿರೀಟವನ್ನೇ ಆರಿಸಿಕೊಂಡರು. ಇನ್ನು ಐವತ್ತು ವರ್ಷ ಬಿಟ್ಟು ಬಿಲ್ಲೆ ಕೂಡಿಡುವವರ ಪಾಡು ದೇವರೇ ಬಲ್ಲ.

ನನ್ನ ಹುಲಿಗೆ ಕಿರೀಟವೇ ಇಲ್ಲ. ಹಾಗಾಗಿ ಬಿಲ್ಲೆಯನ್ನು ತಿರುಗಿಸಿದೆ. ನನ್ನ ಅನುಭವದಲ್ಲಿ ಮುಂಭಾಗ ಜಂಭ ಕೊಚ್ಚುತ್ತದೆ, ಬೆನ್ನು ನಿಜ ಹೇಳುತ್ತದೆ.

ಮೊದಮೊದಲು ಬಿಲ್ಲೆಯ ಬೆನ್ನಿಗೆ ತಂತಿಯ ಎರಡು ಕುಣಿಕೆ ಬೆಸೆಯುತ್ತಿದ್ದರು. ಕುಣಿಕೆಗಳನ್ನು ಬಟ್ಟೆಯ ತೂತಿನಿಂದ ಒಳಗೆ ತೂರಿಸಿ, ಪಿನ್ ಹಾಕಬೇಕಿತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಕುಣಿಕೆಗಳ ಜಾಗಕ್ಕೆ ಉದ್ದನೆಯ ಚಪ್ಪಟೆ ನಾಲಿಗೆ ಬಂತು. ಅದಕ್ಕೆ ಸ್ಲೈಡರ್ ಅಂತಾರೆ. ಟೋಪಿಯ ಸೀಳಿಗೆ ಸಿಕ್ಕಿಸಿದರೆ ಮುಗೀತು. ಆದರೆ ಎಲ್ಲರೂ ಬದಲಾಗಲಿಲ್ಲ. ಸ್ಕಾಟಿಷ್ ದಳಗಳು ಕುಣಿಕೆಯನ್ನೇ ಉಳಿಸಿಕೊಂಡವು. ಬಿಸಿಲಿನ ಹ್ಯಾಟಿಗೆ, ಪೇಟಕ್ಕೆ ಹಾಕುವ ಬಿಲ್ಲೆಗೂ ಕುಣಿಕೆಯೇ ಅನುಕೂಲ. ಹಾಗಾಗಿ ‘ಕುಣಿಕೆ ಇದ್ದರೆ ಹಳೇದು’ ಅನ್ನುವ ಇಂಗ್ಲೆಂಡಿನ ಸೂತ್ರ ಇಂಡಿಯಾದಲ್ಲಿ ಸಿಕ್ಕ ಬಿಲ್ಲೆಗೆ ಹೊಂದೋದಿಲ್ಲ.

ಲೋಹವೂ ಮಾತಾಡುತ್ತದೆ. 1916ರಲ್ಲಿ ಯುದ್ಧದ ಉಳಿತಾಯಕ್ಕೆ, ಎರಡು ಲೋಹದಲ್ಲಿ ಮಾಡುತ್ತಿದ್ದ ಎಷ್ಟೋ ಬಿಲ್ಲೆಗಳನ್ನು ಬರೀ ಹಿತ್ತಾಳೆಯಲ್ಲಿ ಒತ್ತಿದರು. ಎರಡನೇ ಮಹಾಯುದ್ಧದಲ್ಲಿ ಹಿತ್ತಾಳೆಯೂ ತುಟ್ಟಿಯಾಗಿ ಪ್ಲಾಸ್ಟಿಕ್ ಬಿಲ್ಲೆ ಬಂದವು. 1950ರ ದಶಕದಿಂದ ಉಜ್ಜುವ ಗೋಜೇ ಬೇಡ ಅಂತ ಥಳಥಳಿಸುವ ಅಲ್ಯೂಮಿನಿಯಂ ಬಂತು, ಹೆಸರು ಸ್ಟೇಬ್ರೈಟ್. ಅದನ್ನು ಅಂಗೈ ಮೇಲಿಟ್ಟರೆ ತೂಕವೇ ಹೇಳಿಬಿಡುತ್ತದೆ.

ಈಗ ನಮ್ಮ ಕಡೆಯ ಬಿಲ್ಲೆಗಳಿಗೆ ಬರೋಣ. ಇಲ್ಲಿ ಲೆಕ್ಕ ಬೇರೆ.

ಬಂಗಾಳ, ಮದರಾಸು, ಬೊಂಬಾಯಿ ಮೂರೂ ಪ್ರಾಂತ್ಯಗಳ ಸೇನೆಗಳಿಗೆ ತಮ್ಮ ತಮ್ಮದೇ 1, 2, 3 ಇತ್ತು. 1903ರಲ್ಲಿ ದಂಡನಾಯಕ ಕಿಚನರ್ ಎಲ್ಲವನ್ನೂ ಒಂದೇ ಸಾಲಿಗೆ ತಂದರು. ಮದರಾಸು ಕಾಲಾಳು ದಳಗಳ ನಂಬರಿಗೆ 60 ಕೂಡಿಸಿದರು, ಬೊಂಬಾಯಿಯವಕ್ಕೆ 100. ಮದರಾಸಿನ 1ನೆಯದು 61 ಆಯಿತು, 11ನೆಯದು 71. ಆ ಹೊತ್ತಿಗೆ 11ನೇ ದಳದಲ್ಲಿ ಕೊಡವರನ್ನು ತುಂಬಿಸಿಕೊಂಡಿದ್ದರಿಂದ ಅದರ ಹೆಸರು 71ನೇ ಕೂರ್ಗ್ ರೈಫಲ್ಸ್. 1904ರಲ್ಲೇ ಅದನ್ನು ಮುಚ್ಚಿಬಿಟ್ಟರು. ಹಾಗಾಗಿ 71 ಅನ್ನೋ ಅಂಕಿ ಮತ್ತು ಕೂರ್ಗ್ ಅನ್ನೋ ಹೆಸರು ಒಟ್ಟಿಗೆ ಇರುವ ಬಿಲ್ಲೆಯೋ ಗುಂಡಿಯೋ ಕೊಡಗಿನ ಯಾರದಾದರೂ ಐನ್‌ಮನೆಯ ಪೆಟ್ಟಿಗೆಯಲ್ಲಿ ಸಿಕ್ಕರೆ, ತಾರೀಖು ಹುಡುಕಲು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಬೆಂಗಳೂರಿನ ಹಲಸೂರಿನ ಮದರಾಸು ಸ್ಯಾಪರ್‌ಗಳದ್ದು, ಅಂದರೆ ಸೇನೆಯ ಎಂಜಿನಿಯರ್ ದಳದವರದ್ದು, ಇನ್ನೂ ಮಜಾ. ಇವರ ಮೂಲ 1780ಕ್ಕೆ ಹೋಗುತ್ತದೆ, ಇಂದು ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅಂತ ನಾವು ಕರೆಯುವುದು ಇವರನ್ನೇ. 1903ರಲ್ಲಿ ಇವರು ‘2ನೇ ಕ್ವೀನ್ಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್’. 1911ರಲ್ಲಿ ‘2ನೇ ಕ್ವೀನ್ ವಿಕ್ಟೋರಿಯಾಸ್ ಓನ್’. 1923ರಲ್ಲಿ 2 ಹೋಗಿ ಮದರಾಸು ಹೆಸರು ವಾಪಸ್ ಬಂತು. ಈ ಏಣಿ ಗೊತ್ತಿಲ್ಲದವರು ವಿಕ್ಟೋರಿಯಾ ಹೆಸರು ಕಂಡ ಕೂಡಲೇ ‘1901ಕ್ಕಿಂತ ಹಿಂದಿನದು’ ಅಂತ ತೀರ್ಪು ಕೊಡುತ್ತಾರೆ. ರಾಣಿ ಸತ್ತಿದ್ದು 1901ರಲ್ಲಿ, ನಿಜ. ಆದರೆ ಇವರ ಹೆಸರಿನಲ್ಲಿ ‘ವಿಕ್ಟೋರಿಯಾ’ ಸೇರಿದ್ದೇ ಅವಳು ಸತ್ತು ಹತ್ತು ವರ್ಷವಾದ ಮೇಲೆ! ವಿಕ್ಟೋರಿಯಾ ಹೆಸರು, 2 ಎರಡೂ ಇದ್ದರೆ 1911ರಿಂದ 1923ರ ಒಳಗಿನದು.

ಇನ್ನೊಂದು ತಪ್ಪು ನಾನೂ ಮಾಡಿದ್ದೇನೆ. ಭಾರತೀಯ ಸೇನೆಯ ಬಿಲ್ಲೆಯಲ್ಲಿ ಕಿರೀಟ ಇದ್ದರೆ ಸ್ವಾತಂತ್ರ್ಯಕ್ಕೆ ಮುಂಚಿನದು ಅಂದುಕೊಳ್ಳೋದು. 1947ರ ಆಗಸ್ಟ್ 15ರಂದು ಯಾರೂ ಟೋಪಿಯಿಂದ ಕಿರೀಟ ಕಿತ್ತು ಹಾಕಲಿಲ್ಲ. ದೇಶ ಗಣರಾಜ್ಯ ಆಗುವವರೆಗೂ ಅದು ಇತ್ತು. ಅದರ ಜಾಗದಲ್ಲಿ ಅಶೋಕನ ಸಿಂಹಗಳು ಬಂದು ಕೂತದ್ದು 1950ರಲ್ಲಿ.

ಮೈಸೂರು ಸಂಸ್ಥಾನದ ಬಿಲ್ಲೆಗಳಲ್ಲಿ ದೊರೆಯ ಕಿರೀಟದ ಲೆಕ್ಕ ನಡೆಯೋದಿಲ್ಲ, ಅಲ್ಲಿ ಗಂಡಭೇರುಂಡ. ಮೈಸೂರು ಲ್ಯಾನ್ಸರ್ಸ್ ಹುಟ್ಟಿದ್ದು 1892ರಲ್ಲಿ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಕುದುರೆ ಸವಾರರಲ್ಲಿ ಇವರೂ ಇದ್ದರು. ಆಗ ಸಂಸ್ಥಾನಗಳ ಇಂಥ ಪಡೆಗಳಿಗೆ ‘ಇಂಪೀರಿಯಲ್ ಸರ್ವಿಸ್’ ಅಂತ ಹೆಸರು, ಮೊದಲ ಮಹಾಯುದ್ಧದ ನಂತರ ಅದು ‘ಸ್ಟೇಟ್ಸ್ ಫೋರ್ಸಸ್’ ಆಯಿತು. 1953ರಲ್ಲಿ ಹಲವು ಸಂಸ್ಥಾನಗಳ ಕುದುರೆ ಪಡೆಗಳ ಜೊತೆ ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಯೊಳಗೆ ಸೇರಿತು. ಬಿಲ್ಲೆಯ ಮೇಲೆ ಅಕ್ಷರ ಇದ್ದರೆ ಸರಿ. ಬರೀ ಗಂಡಭೇರುಂಡ ಇದ್ದರೆ ಅವಸರ ಬೇಡ. ಆ ಹಕ್ಕಿ ಇವತ್ತಿಗೂ ನಮ್ಮ ರಾಜ್ಯದ ಲಾಂಛನದಲ್ಲಿದೆ.

ಇನ್ನು ನಕಲಿ. ಕಾರ್ಖಾನೆಯ ಬಿಲ್ಲೆ ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಮುಂದೆ ಉಬ್ಬಿದ ಕಡೆ ಹಿಂದೆ ಹಳ್ಳ ಇರುತ್ತದೆ. ಎರಕ ಹೊಯ್ದ ನಕಲಿಯ ಬೆನ್ನು ಸಾಮಾನ್ಯವಾಗಿ ಚಪ್ಪಟೆ, ಮೈ ರವೆ ರವೆ, ಅಕ್ಷರಗಳ ಅಂಚು ಮೊಂಡು. ಹಾಗಾಗಿ ಎರಕ ಅಂದರೆ ನಕಲಿ ಅಂತ ಇಂಗ್ಲೆಂಡಿನವರು ಪಾಠ ಹೇಳುತ್ತಾರೆ. ಆದರೆ ಇಲ್ಲಿದ್ದ ಬ್ರಿಟಿಷ್ ದಳಗಳೇ ಎಷ್ಟೋ ಸಲ ಬಜಾರಿನ ಕಂಚುಗಾರರ ಹತ್ತಿರ ಮರಳು ಅಚ್ಚಿನಲ್ಲಿ ಬಿಲ್ಲೆ ಹೊಯ್ಯಿಸಿಕೊಂಡು ಹಾಕಿಕೊಂಡಿವೆ. ಒರಟಾಗಿದ್ದರೂ ಅವು ಅಸಲಿ. ಉಲ್ಟಾ ಮೋಸವೂ ಉಂಟು. ಹಳೇ ಅಚ್ಚುಗಳಲ್ಲೇ ದಶಕಗಳ ನಂತರ ಹೊಸದಾಗಿ ಒತ್ತಿದ ಬಿಲ್ಲೆ ನೋಡಲು ಬಲು ಚೊಕ್ಕ. ಅಂಥ ಕಡೆ ನಾನು ಸವೆತ ನೋಡುತ್ತೇನೆ. ವರ್ಷಗಟ್ಟಲೆ ಉಜ್ಜಿದ ಬಿಲ್ಲೆಯಲ್ಲಿ ಉಬ್ಬಿದ ಜಾಗ ಮಾತ್ರ ನಯವಾಗಿ, ಸಂದುಗಳಲ್ಲಿ ಒಣಗಿದ ಪಾಲಿಶ್ ಬಿಳಿ ಪುಡಿಯಾಗಿ ನಿಂತಿರುತ್ತದೆ. ಬೇಗ ಹಳೇದು ಮಾಡಿದ್ದರೆ ಮುಂದೂ ಹಿಂದೂ ಒಂದೇ ಸಮ ಕಪ್ಪು.

ನನ್ನ ಹುಲಿಯ ಮೂಗು, ಭುಜ ಸವೆದಿವೆ. ಪಟ್ಟೆಗಳ ಸಂದಿನಲ್ಲಿ ಬಿಳಿ ಪುಡಿ ಇದೆ. ಬೆನ್ನಿಗೆ ಸ್ಲೈಡರ್ ಇದೆ. ಆದರೆ ಭೂತಗನ್ನಡಿ ಇಟ್ಟು ನೋಡಿದಾಗ ಅದರ ಎಡಕ್ಕೊಂದು ಬಲಕ್ಕೊಂದು ಬೆಸುಗೆಯ ಬೂದು ಚುಕ್ಕೆ ಕಂಡಿತು. ಮೊದಲು ಕುಣಿಕೆಗಳಿದ್ದ ಗುರುತು. ಯಾರೋ ಅವನ್ನು ಕಿತ್ತು, ಟೋಪಿಗೆ ಹೊಂದುವ ಹಾಗೆ ಸ್ಲೈಡರ್ ಬೆಸೆದಿದ್ದಾರೆ. ಲೆಸ್ಟರ್‌ಶೈರಿನ 2ನೇ ಬೆಟಾಲಿಯನ್ 1914ರಲ್ಲಿ ಇಂಡಿಯಾದಲ್ಲೇ ಇತ್ತು, ಗಢವಾಲ್ ಬ್ರಿಗೇಡಿನ ಜೊತೆ ಫ್ರಾನ್ಸಿನ ಯುದ್ಧಕ್ಕೆ ಹೋಯಿತು. ಹೊರಡುವ ಮುಂಚೆ ಮಾಡಿದ ರಿಪೇರಿಯೇ ಇದು ಅಂತ ನನಗೆ ಆಸೆ, ಪುರಾವೆ ಇಲ್ಲ.

ಮೊನ್ನೆ ಅದೇ ಅಂಗಡಿಗೆ ಹೋಗಿದ್ದೆ. ಯಾರ್ಕ್ ಅಂಡ್ ಲ್ಯಾಂಕಾಸ್ಟರಿನ ಹುಲಿ ಒಂದು ಗಾಜಿನ ಡಬ್ಬಿಯಲ್ಲಿತ್ತು. ‘ಇದೂ ಟಿಪ್ಪುದೇ ಸಾರ್’ ಅಂದರು. ಈ ಸಲ ಚೌಕಾಸಿ ಮಾಡಿ ತಗೊಂಡೆ.